ಹಿಂದೆ ಬರುತ್ತಿದ್ದವರು

ಮಾರ್ಚ್ 9, ಬೆಳಿಗ್ಗೆ, ತೈನಾನ್

ಹಾಸ್ಟೆಲಿನ ಬಂಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಲುಚೀಲ ಇನ್ನೂ ಹಸಿ. ಬ್ಯಾಕ್‌ಪ್ಯಾಕಿನ ಹೊರಗೆ ನೇತುಹಾಕಿಕೊಂಡರಾಯಿತು. ಒಬ್ಬಳೇ ತೈವಾನ್ ಸುತ್ತಿದೆ, ಯಾರಿಗೂ ತೊಂದರೆ ಕೊಡಲಿಲ್ಲ. ಮೊನ್ನೆ ನನ್ನ ಬಂಕಿನಲ್ಲಿ ಬೇರೆ ಯಾರೋ ಮಲಗಿಬಿಟ್ಟಿದ್ದರು. ಎಬ್ಬಿಸುವುದು ಹೇಗೆ? ಹಾಲಿನ ಸೋಫಾದಲ್ಲೇ ಮಲಗಿದೆ. ಒಳ್ಳೇ ನಿದ್ದೆ ಬಂತು... ಸುಳ್ಳು. ಬರಲಿಲ್ಲ.

ಒಂದೇ ಕೆಲಸ ಬಾಕಿ — ಆಫೀಸಿನವರಿಗೆ ಅನಾನಸ್ ಕೇಕು. ರಜೆ ಕೇಳಿದಾಗ ಕುವಾಬಾರ ಸರ್ ನಗುತ್ತಲೇ "ಹೋಗ್ಬನ್ನಿ" ಅಂದಿದ್ದರು. ಆ ನಗು ನಿಜವೋ ಅಲ್ಲವೋ, ಇನ್ನೂ ಗೊತ್ತಿಲ್ಲ. ನಾಳೆ ಬರಿಗೈಯಲ್ಲಿ ಫುಕುವೊಕಾದ ಆಫೀಸಿಗೆ ಕಾಲಿಡಲು ಸಾಧ್ಯವೇ ಇಲ್ಲ. ವಿಮಾನ ಮಧ್ಯಾಹ್ನ. ಬೇಕಾದಷ್ಟು ಹೊತ್ತಿದೆ.

ಮಾರ್ಚ್ 9, ವಿಮಾನದಲ್ಲಿ

ತೊಡೆಯ ಮೇಲೆ ನೀಲಿ ಚೀಲ. ನನ್ನದಲ್ಲ.

ಕೇಕಿನ ಅಂಗಡಿಯ ಮುಂದೆ ಜನವೋ ಜನ. ಬಿಟ್ಟು ಬರಲು ಮನಸ್ಸಾಗಲಿಲ್ಲ. ಬಸ್ಸು ತಪ್ಪಿತು. ವಿಮಾನ ನಿಲ್ದಾಣ ಮುಟ್ಟಿದರೆ ಸೆಕ್ಯುರಿಟಿಯಲ್ಲಿ ಇನ್ನೊಂದು ಸಾಲು, ಅದು ಕದಲುತ್ತಲೂ ಇಲ್ಲ. ಮೈಕಿನಲ್ಲಿ ನನ್ನ ಹೆಸರೇ ಕೂಗುತ್ತಿದ್ದಾರೆ. ಮುಂದಿನವರ ಹತ್ತಿರ ಸ್ವಲ್ಪ ದಾರಿ ಬಿಡಿ ಅನ್ನಬೇಕು, ಅಷ್ಟೇ. ಬಾಯಿ ಬರಲಿಲ್ಲ. ಅವರೂ ಕಾಯುತ್ತಿದ್ದಾರೆ, ಲೇಟಾಗಿ ಬಂದವಳು ನಾನು... ಹೀಗೆ ನ್ಯಾಯ ಮಾಡುತ್ತ ನಿಂತಿದ್ದೆ.

ಹಿಂದಿನಿಂದ ಒಬ್ಬ ಹೆಂಗಸು ಬೆನ್ನು ತಟ್ಟಿದರು. ಅರವತ್ತು ದಾಟಿರಬೇಕು. ನನ್ನ ಕೈಯಲ್ಲಿದ್ದ ಬೋರ್ಡಿಂಗ್ ಪಾಸ್ ನೋಡಿಬಿಟ್ಟಿದ್ದರು. ಅವರದೂ ಅದೇ ವಿಮಾನ.

"ಯಾಕಮ್ಮ, ಕಂಬದ ಥರ ನಿಂತಿದ್ದೀಯ? ವಿಮಾನ ನಿಮ್ಮಪ್ಪಂದಾ, ಕಾಯೋಕೆ?"

ನಮ್ಮದೇ ಜಪಾನೀ ಭಾಷೆ, ಸಲೀಸಾಗಿ. ಚಿಕ್ಕ ವಯಸ್ಸಿನಲ್ಲಿ ಕುಮಾಮೊಟೊದ ಹೋಟೆಲಿನಲ್ಲಿ ಕೆಲಸಕ್ಕಿದ್ದರಂತೆ. ಕ್ಷಮಿಸಿ ಅಂದೆ. ನಿಮ್ಮ ಜನಕ್ಕೆ ದೇವರು ಬಾಯಿ ಕೊಟ್ಟಿರೋದೇ ಅದೊಂದು ಮಾತಿಗೆ ಎಂದು ರೇಗಿ, ನನ್ನ ತೋಳು ಹಿಡಿದು ಎಳೆದುಕೊಂಡು ಹೊರಟರು. ಅವರ ಭಾಷೆಯಲ್ಲಿ ಏನು ಕೂಗಿದರೋ, ಜನ ಎರಡು ಪಾಲಾದರು. ಒಬ್ಬರೂ ಮುಖ ಸಿಂಡರಿಸಲಿಲ್ಲ. ಒಬ್ಬ ಮುದುಕರಂತೂ ನನ್ನ ಬ್ಯಾಕ್‌ಪ್ಯಾಕನ್ನು ತಾವೇ ಎತ್ತಿ ಟ್ರೇಗೆ ಹಾಕಿದರು.

ಆ ಹೆಂಗಸಿನ ಹೆಸರು ಲ್ಯಾವ್ ಸುಚೆನ್. ಮಗಳು ಪೇಹ್ವಾಳನ್ನು ಫುಕುವೊಕಾಕ್ಕೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆ, ದಿನ ತುಂಬುವ ಮೊದಲೇ ಇವತ್ತು ಬೆಳಿಗ್ಗೆ ನೋವು ಶುರುವಾಗಿದೆ. ಅಮ್ಮ ಬರದೆ ಹೆರಲ್ಲ ಅಂತ ಫೋನಿನಲ್ಲಿ ಅತ್ತಳಂತೆ. ಚೀಲದಲ್ಲಿ ಬಾಣಂತಿ ಮದ್ದು, ಮಗುವಿಗೆ ಟೋಪಿ. ಇದನ್ನೆಲ್ಲ ಬೆಲ್ಟು ಕಟ್ಟಿಕೊಳ್ಳುತ್ತ, ಚಪ್ಪಲಿ ಮೆಟ್ಟುತ್ತ ಹೇಳಿದರು.

ಗೇಟು ಕೊನೆಯದು. ಅರ್ಧ ದಾರಿಗೆ ಮಂಡಿ ಹಿಡಿದುಕೊಂಡು ನಿಂತರು. ಚೀಲ ನನ್ನ ಕೈಗಿಟ್ಟರು.

"ನೀನು ಓಡು ಮಗಳೇ. ಹಿಂದೆ ಒಬ್ಬಳು ಮುದುಕಿ ಬರ್ತಿದ್ದಾಳೆ, ಬಾಗಿಲು ಹಾಕ್ಬೇಡಿ ಅನ್ನು. ಅಷ್ಟು ಹೇಳು ಸಾಕು."

ಓಡಿದೆ. ಗೇಟಿನಲ್ಲಿ ಒಬ್ಬ ಹುಡುಗಿ, ನನ್ನಷ್ಟೇ ವಯಸ್ಸು. ಗಡಿಯಾರ ನೋಡುತ್ತ ನಿಂತ ಒಬ್ಬ ಅಧಿಕಾರಿ. ಇನ್ನೊಬ್ಬರು ಬರಬೇಕು, ಕಂಡಿರಾ, ಎಂದು ಅವಳು ಕೇಳಿದಳು. ನಾನು ಬಗ್ಗಿ ಕ್ಷಮೆ ಕೇಳಿದೆ. ನನ್ನಿಂದ ಎಲ್ಲರಿಗೂ ತಡವಾಯಿತು ಅಂದೆ. ಅವಳು ಮತ್ತೆ ಕೇಳಿದಳು, "ಹಿಂದೆ ಯಾರಾದರೂ ಬರ್ತಿದ್ದಾರಾ?" ಆ ಅಧಿಕಾರಿ ನನ್ನನ್ನೇ ನೋಡುತ್ತಿದ್ದರು. ಒಳಗೆ ಒಂದು ವಿಮಾನದಷ್ಟು ಜನ ನನ್ನಿಂದಾಗಿ ಕೂತಿದ್ದಾರೆ. ಅವರನ್ನು ಇನ್ನೂ ಕಾಯಿಸಿ ಅಂತ ನಾನು ಹೇಳುವುದಾ? ಮತ್ತೊಂದು ಸಲ ಬಗ್ಗಿದೆ. ಒಳಗೆ ಬಂದೆ.

ಬಾಗಿಲು ಹಾಕಿದ ಸದ್ದು ಕೇಳಿಸಿತು.

ಮಾರ್ಚ್ 9, ಸಂಜೆ, ಫುಕುವೊಕಾ

ಹೊರಬಾಗಿಲಲ್ಲಿ ಒಬ್ಬರು ನೀಲಿ ಚೀಲ ನೋಡಿ ಓಡಿ ಬಂದರು. ಅಳಿಯ, ತೋಕುನಾಗ ಅಂತ. ಅತ್ತೆಯ ಫೋನ್ ಬಂದಿತ್ತಂತೆ. ಸೀಟು ಸಿಗುವುದು ನಾಳೆಗೇ. ಹೆಂಡತಿಯನ್ನು ಆಪರೇಷನ್ನಿಗೆ ಕರೆದುಕೊಂಡು ಹೋಗಿದ್ದಾರೆ, ಅಲ್ಲೂ ಅಮ್ಮ ಬಂದಳಾ ಅಂತ ಕೇಳುತ್ತಲೇ ಇದ್ದಳಂತೆ.

"ನೀವು ಎಷ್ಟು ಬೇಡಿಕೊಂಡ್ರೂ ಅವ್ರು ಬಾಗಿಲು ತೆಗೀಲಿಲ್ವಂತೆ. ನಮ್ಮತ್ತೆಯಿಂದ ನಿಮಗೆ ತುಂಬ ತೊಂದ್ರೆ ಆಯ್ತು."

ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದರು. ನಾನೂ ಬಗ್ಗಿದೆ. ಇಬ್ಬರೂ ಎದುರುಬದುರು ಬಗ್ಗುತ್ತಲೇ ಇದ್ದೆವು. ಫೋನ್ ನಂಬರ್ ಕೇಳಿದರು. ಕೊಟ್ಟೆ. ಇಲ್ಲ, ನಾನು ಬೇಡಿಕೊಳ್ಳಲಿಲ್ಲ — ಇಷ್ಟು ಹೇಳಬೇಕಿತ್ತು. ಅವರು ಆಸ್ಪತ್ರೆಗೆ ಓಡಬೇಕಲ್ಲ, ಈಗ ಯಾಕೆ ಅಂದುಕೊಂಡೆ. ನನಗೆ ನೆಪಗಳಿಗೇನು ಬರವಿಲ್ಲ.

ಮಾರ್ಚ್ 10

ಕೇಕು ಹಂಚಿದೆ. ಎಲ್ಲರೂ ಹೊಗಳಿದರು. ಕುವಾಬಾರ ಸರ್ ಎರಡು ತಿಂದರು. ನನ್ನ ಪಾಲಿನದು ಡ್ರಾಯರಿನಲ್ಲಿದೆ.

ಮಾರ್ಚ್ 14

ಸುಚೆನ್ ಅಮ್ಮ ಫೋನ್ ಮಾಡಿದ್ದರು. ಹೆಣ್ಣು ಮಗು, ಆರೋಗ್ಯವಾಗಿದೆ. ಇವರು ತಲುಪಿದ್ದು ಮರುದಿನ. ಮಗಳು ಇವರ ಮುಖ ಕಂಡವಳೇ ಗೋಡೆಯ ಕಡೆ ತಿರುಗಿಕೊಂಡಳಂತೆ. ಆಮೇಲೆ ಸರಿಹೋದಳು ಅಂತ ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ತಿಂಗಳು ತುಂಬಿದ ಊಟಕ್ಕೆ ಬರಲೇಬೇಕು, ನೀನೂ ಮನೆ ಮಗಳೇ ಅಂದರು.

ಏಪ್ರಿಲ್ 6

ಹೋಗಬಾರದಿತ್ತು. ಹೋದೆ.

ಎಣ್ಣೆಯಲ್ಲಿ ಹುರಿದ ಅಂಟು ಅಕ್ಕಿಯ ಅನ್ನ, ಕೆಂಪು ಬಣ್ಣ ಹಚ್ಚಿದ ಮೊಟ್ಟೆ. ಬೀಗರು, ಅಕ್ಕಪಕ್ಕದವರು, ಮನೆ ತುಂಬ ಜನ. ಮಗುವನ್ನು ನನ್ನ ಕೈಗೇ ಮೊದಲು ಕೊಟ್ಟರು. ಬಿಸಿಯಾಗಿತ್ತು, ಹಾಲಿನ ವಾಸನೆ. ಸುಚೆನ್ ಅಮ್ಮ ಬಂದವರಿಗೆಲ್ಲ ನನ್ನ ಕಥೆ ಹೇಳುತ್ತಿದ್ದರು. ಅವರ ಬಾಯಲ್ಲಿ ನಾನು ಗೇಟಿಗೆ ಅಡ್ಡ ನಿಂತು ಅತ್ತಿದ್ದೇನೆ.

ಪೇಹ್ವಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ ಹತ್ತಿರ ಬಂದು, ಅವತ್ತು ತುಂಬ ಹೆದರಿದ್ದೆ ಅಂದಳು. ಅಷ್ಟೇ. ದೂರಲಿಲ್ಲ.

ಊಟದ ಮಧ್ಯೆ ಸುಚೆನ್ ಅಮ್ಮ ಹೊಸ ವಿಷಯ ತೆಗೆದರು. ವಿಮಾನ ಕಂಪನಿಗೆ ದಿನಾ ಫೋನ್ ಮಾಡಿ ಜಗಳವಾಡುತ್ತಿದ್ದಾರಂತೆ. ತನಗೆ ಯಾರೂ ಏನೂ ಹೇಳಲಿಲ್ಲ ಅಂತ ಗೇಟಿನ ಆ ಹುಡುಗಿ ಸಾಧಿಸುತ್ತಿದ್ದಾಳೆ. ವಿಚಾರಣೆ ಮುಗಿಯುವವರೆಗೆ ಅವಳನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

"ಹೇಗೆ ಸುಳ್ಳು ಹೇಳ್ತಾಳೆ ನೋಡು. ನೀನೊಂದು ಮಾತು ಹೇಳ್ಬಿಡು ಮಗಳೇ, ಮುಗಿದುಹೋಗುತ್ತೆ."

ಅಲ್ಲೇ ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟರು. ಒಬ್ಬ ಗಂಡಸಿನ ದನಿ, ಬಹಳ ಮರ್ಯಾದೆಯಿಂದ: ಇನ್ನೊಬ್ಬ ಪ್ರಯಾಣಿಕರು ಬರುತ್ತಿದ್ದಾರೆಂದು ನಮ್ಮ ಸಿಬ್ಬಂದಿಗೆ ತಾವು ತಿಳಿಸಿದ್ದಿರಾ? ಎಲ್ಲರೂ ಬಟ್ಟಲು ಕೆಳಗಿಟ್ಟಿದ್ದರು. ಇಂಥ ದಿನ, ಇಷ್ಟು ಜನರ ಮುಂದೆ, ಆ ತಾಯಿಯ ಮುಖ ಹಾಗೆ ಅರಳಿರುವಾಗ...

"ಹೌದು, ಹೇಳಿದ್ದೆ" ಅಂದೆ.

ಸುಚೆನ್ ಅಮ್ಮ ನನ್ನ ಬಟ್ಟಲಿಗೆ ಇನ್ನೊಂದು ಮೊಟ್ಟೆ ಹಾಕಿದರು. ತಿಂದೆ.

ನಾನು ಕೆಟ್ಟವಳು. ಸಂಕೋಚ, ಮರ್ಯಾದೆ ಎಂದೆಲ್ಲ ಹೆಸರಿಟ್ಟು ಸಾಕಿಕೊಂಡಿದ್ದು ಇದನ್ನೇ. ಆ ಹುಡುಗಿ ಎರಡು ಸಲ ಕೇಳಿದ್ದಳು.

ಏಪ್ರಿಲ್ 7, ಮಧ್ಯಾಹ್ನ

ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಊಟದ ಬಿಡುವು. ಬೆಳಿಗ್ಗೆ ಮೊದಲು ಸುಚೆನ್ ಅಮ್ಮನಿಗೇ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಹಿಂದೆ ಮಗು ಅಳುತ್ತಿತ್ತು. ಕೊನೆಗೆ, "ಎರಡು ಸಲ ಕೇಳಿದ್ಲಾ?" ಅಂದರು. ಹೌದು ಅಂದೆ. ಫೋನ್ ಇಟ್ಟುಬಿಟ್ಟರು.

ಅವರು ಬೈದಿದ್ದರೆ ಚೆನ್ನಾಗಿತ್ತು.

ಈಗ ವಿಮಾನ ಕಂಪನಿಯ ನಂಬರ್. ಫೋನಿನಲ್ಲಿ ಸಂಗೀತ ಬರುತ್ತಿದೆ. ಇಡಬಾರದು, ಇಡಬಾರದು ಎಂದುಕೊಳ್ಳುತ್ತ ಬರೆಯುತ್ತಿದ್ದೇನೆ. ಮೇಲಿನಿಂದ ಕುವಾಬಾರ ಸರ್ ಕರೆಯುತ್ತಿದ್ದಾರೆ, ಮೀಟಿಂಗಿಗೆ ಎಲ್ಲರೂ ನನಗಾಗಿ ಕಾಯುತ್ತಿದ್ದಾರಂತೆ. ಕಾಯಲಿ.

ಸಂಗೀತ ನಿಂತಿತು. ಅದೇ ಗಂಡಸಿನ ದನಿ. ನಾನು —