ಸೌಟಿನ ಸರಕಾರ

ಶೇವಂತಾ ಮಾವಶಿ,

ಜೈಲಿನವರು ನಿನ್ನನ್ನು ನೆಹರು ನಗರದ ದೊಡ್ಡ ಆಸ್ಪತ್ರೆಗೆ ಒಯ್ಯುತ್ತೇವೆ ಅಂದಿದ್ದರು, ಒಯ್ಯಲಿಲ್ಲ. ಖಾನಾಪುರದಿಂದ ಬಂದ ನಿನ್ನ ಮಗಳು ಸುರೇಖಾಳನ್ನು ಭೇಟಿ ಮಾಡಿಸುತ್ತೇವೆ ಅಂದಿದ್ದರು, ಗೇಟಿನಿಂದಲೇ ತಿರುಗಿ ಕಳಿಸಿದರು. ಬಡಿಸುವ ಸೌಟು ಇನ್ನು ವಾರಕ್ಕೊಬ್ಬರ ಕೈಗೆ ಅಂದಿದ್ದರು, ಕೊಡಲಿಲ್ಲ. ಈಗ ನಿನ್ನ ಸಾವಿನ ವರದಿಯಲ್ಲಿ ಬರೆದುಕೊಟ್ಟಿದ್ದಾರೆ: ಈ ಕೈದಿ ಕಾಯಿಲೆಯ ಬಗ್ಗೆ ಎಂದೂ ದೂರು ಹೇಳಿರಲಿಲ್ಲ. ಎಂದೂ! ಕೇಳಿದೆಯಾ ಮಾವಶಿ?

ರಸ್ತೆ ತಡೆ ಮಾಡಿದ್ದಕ್ಕೆ ನನ್ನನ್ನು ಒಳಗೆ ಹಾಕಿದ ಮೊದಲ ಮಧ್ಯಾಹ್ನ, ಹೆಂಗಸರ ಬ್ಯಾರಕ್ಕಿನಲ್ಲಿ ನನ್ನ ತಾಟಿಗೆ ಹಳದಿ ನೀರು ಬಿತ್ತು. ಪಕ್ಕದವಳ ತಾಟಿಗೆ ಗಟ್ಟಿ ಬೇಳೆ. ಕಳ್ಳತನದ ಕೇಸಿನಲ್ಲಿ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದ, ಎಲ್ಲರೂ ಚಿಕ್ಕಮ್ಮನಂತೆ ಮಾವಶಿ ಅನ್ನುತ್ತಿದ್ದ ನೀನು ನಕ್ಕೆ. "ತಂಗೀ, ಇಲ್ಲಿ ಸರಕಾರ ಅಂದ್ರ ಆ ಸೌಟು. ತಳ ಮುಟ್ಟಿದ್ರ ಬ್ಯಾಳಿ, ಮ್ಯಾಲ ತೇಲಿದ್ರ ನೀರು." ಸೌಟು ಖಾಸಬಾಗದ ಗಂಗವ್ವನ ಕೈಯಲ್ಲಿತ್ತು. ಅವಳೂ ಕೈದಿಯೇ, ಆದರೆ ವಾರ್ಡನ್ ಮೇಡಂ ನೇಮಿಸಿದ ಕೈದಿ. ಅವಳ ಕಾಲು ಒತ್ತಿದವರಿಗೆ, ಮೇಡಂ ಸೀರೆ ಒಗೆದವರಿಗೆ, ಚಾಡಿ ಹೇಳಿದವರಿಗೆ ತಳದ ಬೇಳೆ. ಹೆಂಗಸರನ್ನು ಹೆಂಗಸರಿಂದಲೇ ತುಳಿಸುವವರಿಗೆ ಲಾಠಿ ಯಾಕೆ ಬೇಕು?

ತಾಟು ಬೋರಲು ಹಾಕಿದ ದಿನ ನೆನಪಿದೆಯಾ? ನೀನು ಹೇಳಿದಂತೆ ಇಡೀ ಸಾಲು ಊಟಕ್ಕೆ ಕೂತು ತಾಟು ಮಗುಚಿತು.

"ಯಾಕ, ಹಸಿವಿಲ್ಲೇನು ನಿಮಗ?" ಅಂದರು ಮೇಡಂ.

"ಭಾಳ ಹಸಿವೈತ್ರೀ. ಅದಕ್ಕ ಬೋರಲ ಹಾಕೇವಿ," ಅಂದೆ ನೀನು.

ಎಲ್ಲರೂ ನಕ್ಕರು. ಗಂಗವ್ವನ ತುಟಿಯೂ ಅಲುಗಿದ್ದನ್ನು ನಾನು ಕಂಡೆ. ಸೌಟು ವಾರಕ್ಕೊಬ್ಬರ ಕೈಗೆ ಅಂತ ಮೇಡಂ ಮಾತು ಕೊಟ್ಟದ್ದು ಆಗಲೇ. ಮರುದಿನ ನಿನ್ನನ್ನು ಒಂಟಿ ಕೋಣೆಗೆ ತಳ್ಳಿದರು.

ಎದೆ ಹಿಡಿದುಕೊಂಡು ಕಂಬಿಗೆ ಆತು ನಿಂತೆಯಲ್ಲ, ಆ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಗಂಗವ್ವ ನಿನಗೆ ಚಹಾ ತಂದಿದ್ದಳು, ಹಿಂದೆಯೇ ಮೇಡಂ.

"ದವಾಖಾನಿಗೆ ಒಯ್ರೀ ಮೇಡಂ."

"ನಾಟಕ ಕಂಪನಿ ಸೇರಬೇಕಿತ್ತ ನೀ."

"ಸೇರತೀನ್ರೀ, ಮೊದಲ ಉಸರಾಡಾಕ ಬಿಡ್ರಿ."

ಜೀಪಿಲ್ಲ, ಕಾವಲಿಗೆ ಪೊಲೀಸರಿಲ್ಲ, ನಾಳೆ ಒಯ್ಯುತ್ತೇವೆ ಅಂದರು. ಅದೇ ಜೀಪು ಮಧ್ಯಾಹ್ನ ಮೇಡಂ ತಂಗಿಯ ನಿಶ್ಚಿತಾರ್ಥದ ಪಾತ್ರೆ ಹೇರಿಕೊಂಡು ಕ್ಯಾಂಪ್ ಬಡಾವಣೆಯ ಕಡೆ ಹೋಯಿತು. ಸಂಜೆಗೆ ನೀನು...

ಇದನ್ನು ನಾನು ಹೇಳಿದರೆ ಚಳವಳಿಯವಳು, ಸುಳ್ಳಿ ಅನ್ನುತ್ತಾರೆ. ಅನ್ನಲಿ. ನೀನು ಕೇಳದ ಸುದ್ದಿ ಬೇರೆಯೇ ಇದೆ. ಮರುದಿನ ಊಟದ ಹೊತ್ತಿಗೆ ಗಂಗವ್ವ ಸೌಟನ್ನು ಮೇಡಂ ಕಾಲ ಬಳಿ ಇಟ್ಟಳು. "ಬ್ಯಾರೇದಾಕಿ ಹಿಡೀಲಿ. ಆಕಿ ದವಾಖಾನಿ ಬೇಡಿದ್ದು ನಾ ಕೇಳೇನಿ. ಯಾರ ಮುಂದ ಬೇಕಾದ್ರೂ ಹೇಳತೀನಿ." ಬೇರೆ ಯಾರೂ ಸೌಟು ಎತ್ತಲಿಲ್ಲ. ತಾಟುಗಳೆಲ್ಲ ಬೋರಲಿದ್ದವು. ಕೊನೆಗೆ ಮೇಡಮ್ಮೇ ಬಗ್ಗಬೇಕಾಯಿತು, ಮಾವಶಿ! ನೀನದನ್ನು ನೋಡಬೇಕಿತ್ತು.

ನಾನು ಹೊರಬಂದ ಮೇಲೆ, ಮೊನ್ನೆ ಗಂಗವ್ವನಿಗೂ ಬಿಡುಗಡೆಯಾಯಿತು. ಖಾಸಬಾಗದ ಮನೆಗೂ ಹೋಗದೆ ನೇರ ಖಾನಾಪುರಕ್ಕೆ ಹೋದಳು. "ನಮ್ಮವ್ವಗ ನೀರು ಬಡಿಸಿದಾಕಿ ನೀನ ಏನು?" ಅಂದಳಂತೆ ಸುರೇಖಾ. ಗಂಗವ್ವ ಹೌದು ಅಂದಳಂತೆ. ನಿನ್ನ ಮಗಳು ಒಳಗೆ ಹೋಗಿ ಬಂದು ಅವಳ ಮುಂದೆ ತಾಟು ಇಟ್ಟಳಂತೆ.

ಅವರ ಸುಳ್ಳನ್ನು ಅವರದೇ ಗಂಗವ್ವ ನಾವು ಕರೆದ ಸಭೆಯಲ್ಲಿ ಎಲ್ಲರೆದುರು ಒಡೆಯುತ್ತಾಳೆ. ಅಲ್ಲಿಂದ ನಾವು ಕೋರ್ಟಿಗೆ. ಸಭೆ ನಿನ್ನ ಮನೆಯ ಅಂಗಳದಲ್ಲೇ, ಖಾನಾಪುರ, ಈ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.