ಮಾರ್ಚ್ ಕೊನೆಗೆ ಬರುತ್ತಿದ್ದ ಕಾರ್ಡು

ಪಕ್ಕದ ಮನೆಯ ಡೋರೀನಮ್ಮನವರಿಗೆ, ಗೀತಾ ಮಾಡುವ ನಮಸ್ಕಾರ.

ನೀವಿದ್ದಾಗ ಎದುರಿಗೆ ಒಮ್ಮೆಯೂ ನಿಮ್ಮನ್ನು ಹೀಗೆ ಕರೆಯಲಿಲ್ಲ. ಡೋರೀನ್ ಅಂತಲೇ ಕರೆಯಬೇಕೆಂದು ನೀವು ಹಟ ಹಿಡಿದಿರಿ. ಎಂಬತ್ತರ ಹೆಂಗಸನ್ನು ಬರೀ ಹೆಸರು ಹಿಡಿದು ಕೂಗುವಾಗೆಲ್ಲ, ಮೈಸೂರಿನಲ್ಲಿರುವ ನನ್ನ ಅಮ್ಮ ಎಲ್ಲಿ ಕೇಳಿಸಿಕೊಂಡುಬಿಡುತ್ತಾಳೋ ಎಂದು ನಾಲಿಗೆ ತಡವರಿಸುತ್ತಿತ್ತು. ನಮ್ಮ ಮನೆಯೊಳಗೆ ನೀವು ಯಾವತ್ತೂ ಡೋರೀನಮ್ಮನೇ. ಕನ್ನಡದಲ್ಲಿ ಬರೆಯುತ್ತಿದ್ದೇನೆಂದು ಬೇಜಾರು ಮಾಡಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಶುರು ಮಾಡಿ ಎರಡು ಸಲ ಹರಿದು ಹಾಕಿದೆ. ಅದರಲ್ಲಿ ಅಂಗಡಿಯ ಸಂತಾಪದ ಕಾರ್ಡಿನ ಮಾತೇ ಬರುತ್ತದೆ, ತಪ್ಪೊಪ್ಪಿಗೆಯ ಮಾತು ಬರುವುದಿಲ್ಲ. ತಪ್ಪು ಇಷ್ಟೇ: ನೀವು ಯಾರ ಮಗಳು ಅನ್ನುವುದು ನನಗೆ ಗೊತ್ತಿತ್ತು. ನೀವು ಸಾಯುವುದಕ್ಕೆ ಹದಿಮೂರು ದಿನ ಮೊದಲೇ ಗೊತ್ತಿತ್ತು. ಹೇಳಲಿಲ್ಲ.

ನಾವು ಐರ್ಲೆಂಡಿನ ಈ ನೇಸ್ ಊರಿಗೆ ಬಂದ ಎರಡನೇ ವಾರ ನೀವು ಸೇಬಿನ ಟಾರ್ಟ್ ತಂದುಕೊಟ್ಟಿರಿ. ಖಾಲಿ ತಟ್ಟೆ ವಾಪಸು ಕೊಡಬಾರದೆಂದು ನಾನು ಅದರಲ್ಲಿ ಚಕ್ಕುಲಿ ಹಾಕಿಕೊಂಡು ಬಂದೆ. ನಿಮ್ಮ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವೇ ಇರಲಿಲ್ಲ, ಹಾಸಿಗೆ ಚಾದರದಷ್ಟು ಅಗಲದ ಕಾಗದ ಹರಡಿತ್ತು. ನಿಮ್ಮ ವಂಶವೃಕ್ಷ. ಉತ್ತರ ಇಂಗ್ಲೆಂಡಿನ ಗಿರಣಿ ಕೆಲಸದವರು, ಅವರ ಅಪ್ಪಂದಿರು, ಅವರ ತಾತಂದಿರು. ಕೆಲವು ಹೆಸರು ಇಂಕಿನಲ್ಲಿ, ಹೆಚ್ಚಿನವು ಪೆನ್ಸಿಲಿನಲ್ಲಿ. ಯಾಕೆ ಎಂದು ಕೇಳಿದ್ದಕ್ಕೆ, ಒಂದೇ ಕಾಗದವನ್ನು ನಂಬಿ ಇಂಕಿನಲ್ಲಿ ಬರೆಯಬಾರದು, ಎರಡು ಕಾಗದ ಒಂದೇ ಮಾತು ಹೇಳುವವರೆಗೆ ಪೆನ್ಸಿಲ್ ಅಂದಿರಿ. ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು, ತಾರೀಖು ತಾಳೆಯಾಗುತ್ತದೋ ಇಲ್ಲವೋ ಎಂದು ದಿನವಿಡೀ ಹುಡುಕುವುದೇ ನನ್ನ ಸಂಬಳದ ಕೆಲಸ. ನಮ್ಮಿಬ್ಬರಿಗೂ ಆವತ್ತೇ ಸರಿಹೋಯಿತು. ಮಂಗಳವಾರದ ಸಂಜೆಗಳೆಲ್ಲ ನಿಮ್ಮ ಮೇಜಿಗೆ ಮೀಸಲಾದವು.

ಆ ಪುಟ್ಟ ಕಾರ್ಡು ನೆನಪಿದೆಯಾ? ನಿಮ್ಮ ಅಮ್ಮ ಈಡಿತ್‌ರ ಪ್ರಾರ್ಥನಾ ಪುಸ್ತಕದ ರಟ್ಟಿನೊಳಗೆ ಸಿಕ್ಕಿದ್ದು. ಡೋರೀನ್ ಎಂಬ ಮಗುವಿಗೆ ಏಪ್ರಿಲ್ ಒಂಬತ್ತರಂದು ಬ್ಯಾಪ್ಟಿಸಂ ಆಯಿತು ಎಂದು ಯಾವುದೋ ಚರ್ಚು ಕೊಟ್ಟ ಕಾರ್ಡು. ನಿಮ್ಮ ಜನನ ಪ್ರಮಾಣಪತ್ರದಲ್ಲಿ ನೀವು ಹುಟ್ಟಿದ್ದು ಅದೇ ವರ್ಷ ಮೇ ಹದಿನಾಲ್ಕಕ್ಕೆ. ಹುಟ್ಟುವ ಮೊದಲೇ ತಲೆಗೆ ನೀರು ಹಾಕಿಸಿಕೊಂಡ ಮಗು. ನೀವು ಎರಡನ್ನೂ ಅಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು, ಇದು ಹೇಗೆ ಸಾಧ್ಯ ಎಂದು ಕೇಳಿದಿರಿ. ನಿಮ್ಮ ದನಿ ನಡುಗಿತ್ತಾ? ಈಗ ಹಾಗನ್ನಿಸುತ್ತದೆ. ಆವತ್ತು ನಾನು ನಕ್ಕುಬಿಟ್ಟೆ.

ನಕ್ಕು, ನಮ್ಮ ಕಡೆಯ ಕಥೆ ಬಿಚ್ಚಿದೆ. ಶಾಲೆಗೆ ಸೇರಿಸುವ ದಿನ ಹೆಡ್‌ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೋ, ವಯಸ್ಸಾಯಿತು ಎಂದು ಲೆಕ್ಕ, ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ನಮ್ಮಪ್ಪ, ಇಬ್ಬರು ಚಿಕ್ಕಪ್ಪಂದಿರು, ಸೋದರತ್ತೆ, ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರು. ನನ್ನ ಪಾಸ್‌ಪೋರ್ಟಿನ ದಿನವೂ ಸುಳ್ಳು, ನಿಜವಾದದ್ದು ಅಮ್ಮನ ಪಂಚಾಂಗದ ಲೆಕ್ಕದಲ್ಲಿದೆ. ನಿಮ್ಮಪ್ಪನೂ ಅಷ್ಟೇ ಮಾಡಿರುತ್ತಾರೆ, ಯುದ್ಧದ ಕಾಲ, ನೋಂದಣಿಗೆ ತಡವಾಗಿದೆ, ಕಚೇರಿಯಲ್ಲಿ ಬೈಸಿಕೊಳ್ಳುವುದೇಕೆಂದು ದಿನವನ್ನು ಮುಂದಕ್ಕೆ ತಳ್ಳಿದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ ಅಂದೆ. ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಹಾಗಾದರೆ ನಾನೂ ಮೈಸೂರಿನವಳೇ ಅಂದಿರಿ. ಆಮೇಲೆ ಪ್ರತಿ ವರ್ಷ ನಿಮಗೆ ಎರಡು ಹುಟ್ಟುಹಬ್ಬ, ಏಪ್ರಿಲ್ ಒಂಬತ್ತಕ್ಕೊಂದು, ಮೇ ಹದಿನಾಲ್ಕಕ್ಕೊಂದು, ಎರಡಕ್ಕೂ ನನ್ನ ಕೇಸರಿಬಾತು.

ನನ್ನ ಬುದ್ಧಿಗೆ ಏನು ಹೇಳಲಿ! ಕಾರ್ಡಿನ ಕೆಳಗಿದ್ದ ಊರಿನ ಹೆಸರನ್ನು ನಾನು ನೋಡಲೇ ಇಲ್ಲ. ನಿಮ್ಮ ತವರಿನಿಂದ ಒಂದಿಡೀ ಹಗಲು ರೈಲಿನಲ್ಲಿ ಹೋಗಬೇಕಾದ ಊರು ಅದು. ಕೆಲಸ ಬಿಟ್ಟರೆ ಕೂಲಿಯಿಲ್ಲದ ಮನೆಯವರು ಹಸುಗೂಸನ್ನು ಎತ್ತಿಕೊಂಡು ಅಷ್ಟು ದೂರ ಯಾಕೆ ಹೋದರು ಎಂದು ಕೇಳಲಿಲ್ಲ. ನಮ್ಮ ಕಡೆ ಸುಳ್ಳಾಗುತ್ತಿದ್ದದ್ದು ದಿನ ಮಾತ್ರ, ತಾಯಿಯ ಹೆಸರಲ್ಲ. ಅದಕ್ಕೇ ತಾಯಿಯ ಹೆಸರಿನ ಮೇಲೆ ನನಗೆ ಅನುಮಾನವೇ ಬರಲಿಲ್ಲ. ನೀವು ಕೇಳಿದ ಒಂದು ಪ್ರಶ್ನೆಯನ್ನು ನನ್ನ ಊರಿನ ತಮಾಷೆಯಿಂದ ಮುಚ್ಚಿಬಿಟ್ಟೆ.

ನಿಮ್ಮ ಅಕ್ಕ ರೂತ್‌ರ ವಿಷಯ ಬಂದಾಗೆಲ್ಲ ನಿಮ್ಮ ಬಾಯಿ ಬಿಗಿಯಾಗುತ್ತಿತ್ತು. ನಿಮಗಿಂತ ಹದಿನಾರು ವರ್ಷ ದೊಡ್ಡವರು. ಸದಾ ಮೂಗು ತೂರಿಸುತ್ತಿದ್ದರಂತೆ, ಕೋಟಿನ ಗುಂಡಿ ಹಾಕಿಕೋ, ಕತ್ತಲಾಗುವ ಮೊದಲು ಮನೆಗೆ ಬಾ. ನೀವು ಐರ್ಲೆಂಡಿನ ಹುಡುಗನನ್ನು ಮದುವೆಯಾಗಿ ಹಡಗು ಹತ್ತುತ್ತೇನೆ ಎಂದಾಗ ರಂಪ ಮಾಡಿ ಅತ್ತವರು ಅಪ್ಪ ಅಮ್ಮ ಅಲ್ಲ, ಅವರು. ನನ್ನನ್ನ ಕೇಳೋಕೆ ನೀನ್ಯಾವಳು ಎಂದು ನೀವು ಕೂಗಿದಿರಿ. ಅವರು ಕುರ್ಚಿಯಲ್ಲಿ ಕುಸಿದು ಕೂತರು ಎಂದು ನೀವೇ ಹೇಳಿದ್ದಿರಿ, ಗೆದ್ದವರ ಹಾಗೆ. ಈಡಿತ್ ತೀರಿಕೊಂಡ ಮೇಲೆ ಮಾತೂ ನಿಂತಿತು. ಆಮೇಲೆ ಉಳಿದದ್ದು ಅವರ ಈಸ್ಟರ್ ಕಾರ್ಡು ಮಾತ್ರ. ಹೂವಿನ ಚಿತ್ರ, ಒಳಗೆ ಒಂದು ಹೆಸರು, ವಿಳಾಸವಿಲ್ಲ. ಅವಳಿಗೆ ಕ್ಯಾಲೆಂಡರ್ ನೋಡುವುದಕ್ಕೂ ಬರುವುದಿಲ್ಲ, ಈಸ್ಟರ್ ಯಾವಾಗಿದ್ದರೂ ಕಾರ್ಡು ಮಾರ್ಚ್ ಕೊನೆಗೇ ಹಾಕುತ್ತಾಳೆ ಎಂದು ನೀವು ಆಡಿಕೊಳ್ಳುತ್ತಿದ್ದಿರಿ. ಆದರೂ ಒಂದನ್ನೂ ಬಿಸಾಡದೆ ಶೂ ಡಬ್ಬದಲ್ಲಿ ಇಟ್ಟಿರಲ್ಲ, ಯಾಕೆ ಡೋರೀನಮ್ಮ?

ಹೋದ ಅಕ್ಟೋಬರಿನಲ್ಲಿ, ಕೊರೋನಾದ ನಡುವೆ, ನೀವು ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಿರಿ. ಆಂಬುಲೆನ್ಸಿನವರು ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ ತೊಟ್ಟು ಬಂದಿದ್ದರು, ನಾನು ಬೇಲಿಯ ಈಚೆ ನಿಂತೆ. ಸ್ಟ್ರೆಚರ್ ಮೇಲಿಂದಲೇ ನೀವು ಕೀ ಎಸೆದು, ಕಾಗದಗಳೆಲ್ಲ ನಿನ್ನ ಜವಾಬ್ದಾರಿ ಅಂದಿರಿ. ಆಸ್ಪತ್ರೆಯಿಂದ ನರ್ಸಿಂಗ್ ಹೋಮ್‌ಗೆ ಹೋದಿರಿ, ಮನೆಗೆ ಮರಳಲಿಲ್ಲ. ನಿಮ್ಮ ಗಂಡ ಟಾಮ್ ತೀರಿಕೊಂಡು ಹತ್ತು ವರ್ಷ, ಮಕ್ಕಳಿಲ್ಲ. ನಿಮ್ಮನ್ನು ನೋಡುವವರೆಂದರೆ ಟಾಮ್‌ರ ಅಣ್ಣನ ಮಗ, ಮತ್ತೆ ನಾನು.

ಡಿಸೆಂಬರಿನಲ್ಲಿ ಅಡುಗೆಮನೆಯ ಮೇಜಿನ ಮೇಲೆ ಒಂದು ಕಡೆ ಆಫೀಸಿನ ಲ್ಯಾಪ್‌ಟಾಪು, ಇನ್ನೊಂದು ಕಡೆ ನಿಮ್ಮ ಡಬ್ಬ. ಬೇಜಾರಿಗೆ ರೂತ್‌ರ ಕಾರ್ಡುಗಳನ್ನು ಅಂಚೆ ಮುದ್ರೆಯ ಪ್ರಕಾರ ಜೋಡಿಸಿದೆ. ಈಸ್ಟರ್ ಕೆಲವು ವರ್ಷ ಮಾರ್ಚ್, ಕೆಲವು ವರ್ಷ ಏಪ್ರಿಲ್ ಕೊನೆ. ಕಾರ್ಡು ಮಾತ್ರ ಪ್ರತಿ ವರ್ಷ ಮಾರ್ಚ್ ಇಪ್ಪತ್ತನಾಲ್ಕು, ಇಪ್ಪತ್ತೈದು. ಕ್ಯಾಲೆಂಡರ್ ಬಾರದವರು ಹೀಗೆ ಮಾಡುವುದಿಲ್ಲ. ಬೇರೆ ಯಾವುದೋ ದಿನಕ್ಕೆ ಸರಿಯಾಗಿ ತಲುಪಲಿ ಎಂದು ಹಾಕುವವರು ಹೀಗೆ ಮಾಡುತ್ತಾರೆ. ಆಗ ಬ್ಯಾಪ್ಟಿಸಂ ಕಾರ್ಡು ತೆಗೆದು, ಆ ಊರಿನ ಹೆಸರನ್ನು ಮೊದಲ ಸಲ ಓದಿದೆ. ಚರ್ಚಿಗೆ ಮೇಲ್ ಬರೆದೆ. ಹೊಸ ವರ್ಷವಾದ ಮೇಲೆ ಅವರ ರಿಜಿಸ್ಟರಿನ ಒಂದು ಪುಟದ ಫೋಟೋ ಬಂತು. ಮಗು ಡೋರೀನ್. ಹುಟ್ಟಿದ್ದು ಮಾರ್ಚ್ ಇಪ್ಪತ್ತೇಳು. ತಾಯಿ ರೂತ್, ಅವಿವಾಹಿತೆ. ತಂದೆಯ ಜಾಗದಲ್ಲಿ ಒಂದು ಗೆರೆ. ವಿಳಾಸ, ಮದುವೆಯಾಗದ ತಾಯಂದಿರನ್ನು ಇಟ್ಟುಕೊಳ್ಳುತ್ತಿದ್ದ ಒಂದು ಮನೆ. ನಿಮ್ಮ ಅಪ್ಪ ಅಮ್ಮ ನಿಮ್ಮ ಅಜ್ಜ ಅಜ್ಜಿ. ಅವರು ತಮ್ಮ ಮಗುವೆಂದು ಊರಿನಲ್ಲಿ ಇನ್ನೊಂದು ಸಲ ನಿಮ್ಮನ್ನು ಬರೆಸಿದ್ದರು.

ಮೂರು ದಿನಕ್ಕೆ ನರ್ಸಿಂಗ್ ಹೋಮಿನ ನಿಮ್ಮ ಕಿಟಕಿಯ ಹೊರಗೆ ನಿಂತಿದ್ದೆ, ಅದರ ಪ್ರಿಂಟು ಕೋಟಿನ ಜೇಬಿನಲ್ಲಿ. ಒಳಗೆ ಬಿಡುತ್ತಿರಲಿಲ್ಲ. ಕೇರಳದ ನರ್ಸ್ ಫೋನನ್ನು ನಿಮ್ಮ ಕಿವಿಗೆ ಹಿಡಿದುಕೊಂಡಿದ್ದಳು. ಎಷ್ಟು ಸಣ್ಣಗಾಗಿದ್ದಿರಿ. ಮರ ಎಲ್ಲಿಗೆ ಬಂತು ಎಂದು ಕೇಳಿದಿರಿ. ಒಂದು ಹೊಸ ಹೆಸರು ಸಿಕ್ಕಿದೆ, ಇನ್ನೂ ಪೆನ್ಸಿಲಿನಲ್ಲಿದೆ, ಅಂದೆ. ಆ ಊರಿನ ಕಚೇರಿಯಲ್ಲೂ ಒಂದು ಜನನ ಪ್ರಮಾಣಪತ್ರ ಇರಲೇಬೇಕಲ್ಲ, ಅದಕ್ಕೆ ಬರೆದಿದ್ದೆ, ಕೊರೋನಾ ಎಂದು ತಡವಾಗುತ್ತಿತ್ತು. ಎರಡನೇ ಕಾಗದ ಬರಲಿ ಎಂದು ನೀವು ಕಲಿಸಿದ ನಿಯಮವನ್ನೇ ಅಡ್ಡ ಇಟ್ಟುಕೊಂಡೆ. ನಿಜ ಹೇಳಲಾ? ಹೆದರಿದ್ದೆ. ಎಂಬತ್ತು ವರ್ಷದ ಬದುಕನ್ನು ಗಾಜಿನಾಚೆಯಿಂದ, ನರ್ಸ್ ಹಿಡಿದ ಫೋನಿನಲ್ಲಿ ಹೇಗೆ ತಲೆಕೆಳಗು ಮಾಡಲಿ, ಒಳಗೆ ಬಿಟ್ಟ ದಿನ ಕೈ ಹಿಡಿದುಕೊಂಡು ಹೇಳೋಣ ಅಂದುಕೊಂಡೆ.

ನೀವು ನನ್ನನ್ನೇ ನೋಡುತ್ತಾ, ಒಂದೊಂದೇ ಪದ ಬಿಡಿಸಿ ಹೇಳಿದಿರಿ.

"ಪೆನ್ಸಿಲ್ ಆದ್ರೂ ಪರವಾಗಿಲ್ಲ ಗೀತಾ, ಹೇಳು."

"ಎಲ್ಲಾ ಗ್ರ್ಯಾಂಡ್," ಅಂದೆ, ಎಲ್ಲ ಸರಿಯಾಗಿದೆ ಅನ್ನುವ ಇಲ್ಲಿಯವರ ಮಾತಿನಲ್ಲಿ. "ಮುಂದಿನ ಸಲ ಹೇಳ್ತೀನಿ."

ಆ ಮಾತು ಆಡಿದ ಬಾಯಲ್ಲೇ ಈಗಲೂ ಊಟ ಮಾಡುತ್ತಿದ್ದೇನೆ. ನಿಮಗೆ ಅನುಮಾನವಿತ್ತಾ? ಬ್ಯಾಪ್ಟಿಸಂ ಕಾರ್ಡು ತೋರಿಸಿದ ದಿನದಿಂದಲೂ ಇತ್ತಾ? ನಾನು ನಕ್ಕದ್ದಕ್ಕೆ ನೀವೂ ನಕ್ಕು ಸುಮ್ಮನಾದಿರಾ? ಈ ಪ್ರಶ್ನೆಗೆ ಯಾವ ಕಚೇರಿಗೆ ಬರೆಯಲಿ...

ಹತ್ತು ದಿನಕ್ಕೆ ನರ್ಸಿಂಗ್ ಹೋಮ್‌ಗೆ ಸೋಂಕು ನುಗ್ಗಿ ನೀವು ಹೋದಿರಿ. ನಿಮ್ಮ ಪಕ್ಕದ ಕೋಣೆಯವರೂ, ಅವರ ಪಕ್ಕದವರೂ. ಚರ್ಚಿನೊಳಗೆ ಹತ್ತೇ ಜನ. ನಾವು ಬೀದಿಯವರೆಲ್ಲ ಅವರವರ ಗೇಟಿನ ಮುಂದೆ ದೂರ ದೂರ ನಿಂತೆವು, ಗಾಡಿ ನಿಮ್ಮ ಮನೆಯ ಎದುರು ಒಂದು ನಿಮಿಷ ನಿಂತು ಹೋಯಿತು. ಪೆಟ್ಟಿಗೆಯ ಮೇಲೆ ಯಾವ ಹುಟ್ಟುಹಬ್ಬ ಬರೆದಿದ್ದಾರೆ ಎಂದು ನನ್ನ ಮಗಳು ಅನಘಾ ತನ್ನ ಐರಿಷ್ ಇಂಗ್ಲಿಷಿನಲ್ಲಿ ಕೇಳಿದಳು. ಮೇ ಹದಿನಾಲ್ಕು ಅಂದೆ. ನಾಲ್ಕು ದಿನಕ್ಕೆ ಅಂಚೆಯಲ್ಲಿ ಎರಡನೇ ಕಾಗದ ಬಂತು. ಮಾರ್ಚ್ ಇಪ್ಪತ್ತೇಳು, ತಾಯಿ ರೂತ್. ಎರಡೂ ಒಂದೇ ಮಾತು ಹೇಳುತ್ತಿದ್ದವು. ಅದನ್ನು ಹಿಡಿದುಕೊಂಡು ನಿಮ್ಮ ಖಾಲಿ ಮನೆಗೆ ಹೋಗಿ, ಮೇಜಿನ ಮುಂದೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಇದಿಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಪೋಸ್ಟ್‌ಮ್ಯಾನ್ ನಿಮ್ಮ ಮನೆ ಬೀಗ ನೋಡಿ ನನ್ನ ಬಾಗಿಲು ತಟ್ಟಿದ. ಹೂವಿನ ಚಿತ್ರದ ಕಾರ್ಡು. ವಿಳಾಸ ಬೇರೆ ಯಾರದೋ ಕೈಬರಹ, ಒಳಗಿನ ಹೆಸರು ಮಾತ್ರ ಅದೇ, ನಡುಗಿ ನಡುಗಿ ಬರೆದದ್ದು. ಲಕೋಟೆಯ ಹಿಂದೆ ಇಂಗ್ಲೆಂಡಿನ ಒಂದು ವೃದ್ಧಾಶ್ರಮದ ಚೀಟಿ ಅಂಟಿಸಿದ್ದರು. ಟಾಮ್‌ರ ಅಣ್ಣನ ಮಗನಿಗೆ ರೂತ್ ಎಂಬವರೊಬ್ಬರು ಇದ್ದಾರೆಂದೇ ತಿಳಿಯದು. ನಿಮ್ಮ ಸುದ್ದಿ ಅವರಿಗೆ ಯಾರೂ ಮುಟ್ಟಿಸಿರಲಿಲ್ಲ.

ನಾನೇ ಫೋನ್ ಮಾಡಿದೆ. ಪಕ್ಕದ ಮನೆಯವಳು, ಡೋರೀನ್‌ರ ಗೆಳತಿ ಎಂದು ಹೇಳಿಕೊಂಡೆ. ತೊಂಬತ್ತಾರು ವರ್ಷದ ದನಿ, ಕಿವಿ ಮಂದ. ಮೂರು ಸಲ ಕೂಗಿ ಹೇಳಬೇಕಾಯಿತು, ಡೋರೀನ್ ತೀರಿಕೊಂಡರು, ಜನವರಿಯಲ್ಲಿ. ಅಂಥ ಮಾತನ್ನು ಮೂರು ಸಲ ಕೂಗುವುದು ಯಾವ ಶತ್ರುವಿಗೂ ಬೇಡ. ಆಮೇಲೆ ನಾನು ಏನನ್ನೂ ಕೇಳದೆಯೇ ಅವರು ಹೇಳಿದರು. ಬೆಳಗಿನ ಜಾವ ಹುಟ್ಟಿದಳು, ಏಳು ವಾರಕ್ಕೆ ಒಂದು ದಿನ ಕಮ್ಮಿ ನನ್ನ ಹತ್ತಿರ ಇದ್ದಳು, ಆಮೇಲೆ ಮನೆಗೆ ಕರೆದುಕೊಂಡು ಬಂದೆವು. ಮಾರ್ಚ್ ಇಪ್ಪತ್ತೇಳರಿಂದ ಮೇ ಹದಿನಾಲ್ಕಕ್ಕೆ ಬೆರಳು ಮಡಿಸಿ ಎಣಿಸಿ ನೋಡಿದೆ, ಡೋರೀನಮ್ಮ. ಏಳು ವಾರಕ್ಕೆ ಒಂದು ದಿನ ಕಮ್ಮಿ. ನೀವು ಆ ಮನೆಗೆ ಬಂದ ದಿನವನ್ನೇ ನಿಮ್ಮ ಹುಟ್ಟಿದ ದಿನ ಮಾಡಿದ್ದರು.

ಕೊನೆಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ.

ಯೋಚನೆಯನ್ನೇ ಮಾಡಲಿಲ್ಲ, ಬಾಯಿಂದ ಬಂದುಬಿಟ್ಟಿತು. ಅವರು ದೀರ್ಘವಾಗಿ ಉಸಿರು ಬಿಟ್ಟು, ಥ್ಯಾಂಕ್ ಯೂ ಲವ್ ಎಂದು ಫೋನನ್ನು ನರ್ಸ್ ಕೈಗೆ ಕೊಟ್ಟರು. ಅವರ ಹೆಸರನ್ನು ನಿಮ್ಮ ಹೆಸರಿನ ಮೇಲೆ ಇಂಕಿನಲ್ಲಿ ಬರೆದಿದ್ದೇನೆ, ಅದಕ್ಕೆ ಎರಡು ಕಾಗದವಿದೆ. ನಾನಾಡಿದ ಆ ಒಂದು ಮಾತಿಗೆ ಮಾತ್ರ ಯಾವ ಕಾಗದವೂ ಇಲ್ಲ. ಅದನ್ನು ನಿಜ ಮಾಡಲು ನನಗೆ ಬೇರೆ ದಾರಿ ತಿಳಿಯಲಿಲ್ಲ. ಸ್ಮಶಾನ ನಮ್ಮ ಮನೆಯಿಂದ ಲಾಕ್‌ಡೌನಿನ ಮಿತಿಯಾದ ಐದು ಕಿಲೋಮೀಟರಿನ ಒಳಗೇ ಇದೆ, ಹೋಗಲು ಅಡ್ಡಿಯಿಲ್ಲ. ನಾಳೆ ಬರುತ್ತೇನೆ, ಮಾಸ್ಕ್ ತೆಗೆದು ಇದನ್ನು ಗಟ್ಟಿಯಾಗಿ ಓದುತ್ತೇನೆ. ಕೇಳಿಸಿಕೊಳ್ಳಿ.

ನೀವು ಹುಟ್ಟಿದ್ದು ಮಾರ್ಚ್ ಇಪ್ಪತ್ತೇಳು, ಬೆಳಗಿನ ಜಾವ. ನಿಮ್ಮ ಅಮ್ಮನ ಹೆಸರು ರೂತ್. ಅವರು ಇನ್ನೂ ಬದುಕಿದ್ದಾರೆ.