ಒಂದು ಸರಕಿಗೆ ಒಂದೇ ಕುರ್ಚಿ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಯಜಮಾನರಿಗೆ,

ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ಕೆರೆತ ಅಂತ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸುತ್ತಿದ್ದೀರಂತೆ. ಹಾಗೆಲ್ಲ ಮಾಡಬೇಡಿ, ಗಾಯವಾಗಿ ಕೀವು ತುಂಬಿಕೊಂಡರೆ ಮತ್ತೆ ನಿಮ್ಮಕ್ಕನ ಮನೆಯಲ್ಲೇ ಬಿದ್ದಿರಬೇಕಾಗುತ್ತದೆ. ಮಾತ್ರೆಯನ್ನು ಊಟವಾದ ಮೇಲೆ ನುಂಗಿ. ಖಾಲಿ ಹೊಟ್ಟೆಗೆ ನುಂಗಿ, ಆಮೇಲೆ ಎದೆಯುರಿ ಅಂತ ಅಕ್ಕನ ಪ್ರಾಣ ತಿನ್ನಬೇಡಿ. ನಮ್ಮದು ಲಿಫ್ಟ್ ಇಲ್ಲದ ಮೂರನೇ ಮಹಡಿ, ಅಕ್ಕನದು ನೆಲಮಹಡಿ, ಅದಕ್ಕೆ ನಿಮ್ಮನ್ನು ಅಲ್ಲಿ ಬಿಟ್ಟು ಬಂದೆನೇ ಹೊರತು ಬೇಡವಾಗಿ ಅಲ್ಲ. ಈ ಸಾಲನ್ನು ಅಕ್ಕನಿಗೂ ಓದಿ ಹೇಳಿ, ಅವರಿಗೆ ಅನುಮಾನ ಜಾಸ್ತಿ. ಪ್ಲಾಸ್ಟರ್ ಬಿಚ್ಚಿದ ಕೂಡಲೇ ಬಂದು ಈ ಶನಿವಾರದ ಮೀಟಿಂಗನ್ನು ನೀವೇ ನಡೆಸುತ್ತೀರಿ ಅಂತ ಫೋನಿನಲ್ಲಿ ಹೇಳಿದಿರಿ. ಫೋನಿನಲ್ಲಿ ನೀವು ನನ್ನ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಆ ಮೀಟಿಂಗಿನ ವಿಷಯ ಸ್ವಲ್ಪ ಹೇಳುವುದಿದೆ.

ನೀವು ಯಾವುದೋ ಟ್ರೇನಿಂಗ್ ಮುಗಿಸಿ ಬಂದು 'ಮಾಸ್ಟರ್‌ಮೈಂಡ್ ಗ್ರೂಪ್' ಶುರು ಮಾಡುತ್ತೇನೆ ಅಂದದ್ದು ನೆನಪಿದೆಯೇ? ಆ ಹೆಸರು ಕೇಳಿ ಎದುರು ಮನೆಯವರು, ಇವರೆಲ್ಲ ಬ್ಯಾಂಕ್ ದೋಚಲು ಸೇರುತ್ತಿದ್ದಾರೆ ಅಂದುಕೊಂಡಿದ್ದರು. ಯೋಚನೆಯೇನೋ ಒಳ್ಳೆಯದೇ. ಸೇಲ್ಸ್‌ನವರು ದಿನವಿಡೀ ಒಂಟಿಯಾಗಿ ಬಾಗಿಲು ತಟ್ಟುತ್ತಾರೆ, ಸೋತರೆ ಹೇಳಿಕೊಳ್ಳಲು ಯಾರೂ ಇರುವುದಿಲ್ಲ, ಬೇರೆ ಬೇರೆ ಸರಕು ಮಾರುವವರು ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ಬುದ್ಧಿ ಹೇಳಬೇಕು ಅಂದಿರಿ. ಆಫೀಸ್ ಕುರ್ಚಿ ಮಾರುವ ನೀವು, ಪೇಂಟ್‌ನವರು, ವಿಮೆಯವರು, ಲಿಫ್ಟ್ ಕಂಪನಿಯ ಹುಡುಗಿ. ಚಹಾ ತಂದಿಡುತ್ತಿದ್ದ ನನಗೂ, ನೀರಿನ ಫಿಲ್ಟರ್ ಮಾರುವವಳಲ್ಲವೇ ಅಂತ ಒಂದು ಜಾಗ ಕೊಟ್ಟಿರಿ. ಜಾಗ ಸಿಕ್ಕಿತು, ಚಹಾ ಮಾಡುವುದು ತಪ್ಪಲಿಲ್ಲ. ನಿಮ್ಮ ದುಂಡು ಅಕ್ಷರದ ನಿಯಮಗಳು ಇವತ್ತಿಗೂ ಗೋಡೆಯ ಮೇಲೆ ಇವೆ. ಒಂದು ಸರಕಿಗೆ ಒಂದೇ ಕುರ್ಚಿ, ಒಂದೇ ಸರಕಿನವರು ಇಬ್ಬರು ಇರುವಂತಿಲ್ಲ. ಹಾಟ್ ಸೀಟಿನಲ್ಲಿ, ಅಂದರೆ ಎಲ್ಲರಿಂದ ತಪ್ಪು ತಿದ್ದಿಸಿಕೊಳ್ಳುವ ಕುರ್ಚಿಯಲ್ಲಿ, ಕೂತವರು ಸಮಜಾಯಿಷಿ ಕೊಡುವ ಹಾಗಿಲ್ಲ, 'ಆಯ್ತು' ಅನ್ನಬೇಕು ಅಷ್ಟೇ. ಕೋಣೆಯ ಮಾತು ಹೊರಗೆ ಹೋಗಬಾರದು. ಆದರೆ ಹೊರಗಿನ ಮಾತು, ಅದರಲ್ಲೂ ಹಾಸಿಗೆಯಲ್ಲಿ ಹೇಳಿದ ಮಾತು, ಆ ಕೋಣೆಗೆ ಬರಬಾರದು ಅಂತ ನೀವು ಬರೆಯಲಿಲ್ಲ. ಬರೆಯುವುದು ಮರೆತುಹೋಯಿತೇನೋ ಅಂತ ನಾನು ಬಹಳ ದಿನ ಯೋಚಿಸಿದ್ದೇನೆ.

ನಮ್ಮಮ್ಮ ಹೋದ ಮೇಲೆ ನಾನು ಮೊದಲ ಸಲ ಬ್ಯಾಗ್ ಹಿಡಿದು ಹೊರಟ ದಿನ, ಬಾಗಿಲು ತೆರೆದ ಅಜ್ಜಿಯದು ಥೇಟ್ ಅಮ್ಮನ ಮುಖ. ಅವರು ಬೆಲೆ ಕೇಳಿದರು. ಬಾಯಿಗೆ ಬಂದ ಅರ್ಧ ಬೆಲೆ ಹೇಳಿ, ಫಿಲ್ಟರ್ ಕೊಟ್ಟು, ಮೆಟ್ಟಿಲ ಮೇಲೆ ಕೂತು ಅತ್ತು ಬಂದೆ. ಅದನ್ನು ದೀಪ ಆರಿಸಿದ ಮೇಲೆ ನಿಮಗೊಬ್ಬರಿಗೇ ಹೇಳಿದ್ದು. ನೀವು ತಲೆ ಸವರಿದಿರಿ. ಮರು ಶನಿವಾರ ನನ್ನನ್ನು ಹಾಟ್ ಸೀಟಿನಲ್ಲಿ ಕೂರಿಸಿ ಅದನ್ನೇ ಎಲ್ಲರ ಮುಂದೆ ಪಾಠ ಮಾಡಿದಿರಿ. ಪಾಠವಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ, ಎದ್ದು ನಿಂತು ಅಭಿನಯಿಸಿದಿರಿ. ಅಜ್ಜಿಯ ದನಿ, ನನ್ನ ಮೂಗು ಸುರಿಯುವುದು, ಎಲ್ಲಾ. 'ಗಿರಾಕಿ ಮುಖದಲ್ಲಿ ಅಮ್ಮನ್ನ ಹುಡುಕ್ಬೇಡ, ಪರ್ಸ್ ಹುಡುಕು' ಅಂದಿರಿ. ಪೇಂಟ್‌ನವರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನು 'ಆಯ್ತು' ಅಂದೆ, ನಿಯಮ ಅಲ್ಲವೇ. ಅವತ್ತಿನಿಂದ ನನಗೆ ಡಿಸ್ಕೌಂಟ್ ಅಂತ ಹೆಸರಿಟ್ಟಿರಿ. ಅಕ್ಕಪಕ್ಕದವರೂ ಈಗ ಹಾಗೇ ಕರೆಯುತ್ತಾರೆ. ಇರಲಿ, ಅದೆಲ್ಲ ಹಳೇ ಮಾತು, ನೀವು ಪಥ್ಯ ಸರಿಯಾಗಿ ಮಾಡಿ.

ನೀವು ಬಿದ್ದ ವಾರ ಮೀಟಿಂಗ್ ಬೇಡ ಅಂದುಕೊಂಡಿದ್ದೆ. ಆದರೆ ಮೂವರೂ ಬಂದು ಕೂತೇಬಿಟ್ಟರು. ಅಡುಗೆಮನೆಯ ಟೈಮರ್ ತಂದಿಟ್ಟೆ, ಫೋನುಗಳನ್ನೆಲ್ಲ ಕುಕ್ಕರ್‌ಗೆ ಹಾಕಿ ಮುಚ್ಚಳ ಮುಚ್ಚಿದೆ. ಗೆದ್ದದ್ದು ಯಾವುದು, ಸೋತದ್ದು ಯಾವುದು, ಮುಂದಿನ ವಾರ ಏನು ಮಾಡುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಬೇರೇನಿಲ್ಲ, ನೀವು ಮಾತಾಡುತ್ತಿದ್ದ ಹೊತ್ತು ಉಳಿಯಿತು. ವಿಮೆಯವರು ಹೋಗುವಾಗ, ಇವತ್ತು ಮೊದಲ ಸಲ ನನ್ನ ಸರದಿ ಪೂರ್ತಿ ಬಂತು ಅಂದರು. ನಿಮಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಮೇಲೆ ನೀವು ಬಿದ್ದ ಕಾಲೇಜಿಗೆ, ಸ್ಯಾಂಪಲ್ ಕುರ್ಚಿ ತರಲು ಹೋದೆ. ಅಲ್ಲಿ ನೀವು ಎಷ್ಟು ಹೆಸರು ಮಾಡಿದ್ದೀರಿ ಗೊತ್ತೇ? ಗುಮಾಸ್ತರು ನಿಮ್ಮನ್ನು ದಿನವೂ ಆಡಿ ತೋರಿಸುತ್ತಾರಂತೆ. ಚಕ್ರದ ಕುರ್ಚಿ ಹತ್ತಿ ನಿಂತು, ಕೈ ಅಗಲಿಸಿ, 'ಕುಣಿದ್ರೂ ಏನಾಗಲ್ಲ ಸರ್' ಅಂದದ್ದು, ಕುರ್ಚಿ ಗಿರ್ರನೆ ತಿರುಗಿದ್ದು, ನೀವು ಕಸದ ಬುಟ್ಟಿಯ ಮೇಲೆ ಬಿದ್ದದ್ದು. ಪ್ರಿನ್ಸಿಪಾಲರು ನನ್ನ ಮುಂದೆ ನಗು ತಡೆದುಕೊಂಡು ಪಾಪ ಅಂದರು. ನಾನು ಕುರ್ಚಿಯಲ್ಲಿ ಆರಾಮಾಗಿ ಕೂತು, 'ನಮ್ಮೆಜಮಾನ್ರು ನಿಂತು ಬಿದ್ರು ಸರ್, ಕೂತೋರು ಯಾರೂ ಬಿದ್ದಿಲ್ಲ' ಅಂದೆ. ಅವರು ಮೇಜು ಕುಟ್ಟಿ ನಕ್ಕರು. ಬೆಲೆ ಕೇಳಿದರು. ಸ್ಪಷ್ಟವಾಗಿ ಹೇಳಿದೆ, ಒಂದು ಪೈಸೆ ಇಳಿಸಲಿಲ್ಲ. ಇಡೀ ಕಾಲೇಜಿಗೆ ಆರ್ಡರ್ ಬಂತು. ಈಗ ಎಲ್ಲಿ ಹೋದರೂ ಮೊದಲು ನಿಮ್ಮ ಕಥೆಯನ್ನೇ ಹೇಳುತ್ತೇನೆ, ಬಾಗಿಲು ತಾನಾಗಿ ತೆರೆಯುತ್ತದೆ. ನೀವು ನಿಂತಿದ್ದಾಗ ಇಷ್ಟು ಮಾರಿರಲಿಲ್ಲ.

ನಿಮ್ಮ ಮ್ಯಾನೇಜರ್ ಆರ್ಡರ್ ನೋಡಿ ನಿಮ್ಮ ಏರಿಯಾವನ್ನು ನನಗೇ ಕೊಟ್ಟಿದ್ದಾರೆ. ನೀವು ಹುಷಾರಾಗುವ ತನಕವೇ ಅಂತ ಕೇಳಿದೆ. ಹಾಗೇನಿಲ್ಲ, ಖಾಯಂ ಅಂದರು. ನಿಮಗೆ ಕಂಪನಿಯಿಂದ ಕಾಗದ ಬರುತ್ತದೆ, ಓದುವ ಮುಂಚೆ ಏನಾದರೂ ತಿಂದಿರಿ. ಅಲ್ಲಿಗೆ ನಾನೂ ಕುರ್ಚಿಯವಳಾದೆ, ಗ್ರೂಪಿಗೆ ತೊಡಕು ಬಂತು. ನಿನ್ನೆ ಇದನ್ನು ಚರ್ಚೆಗಿಟ್ಟೆ. ಪೇಂಟ್‌ನವರು ಕತ್ತು ತುರಿಸಿಕೊಳ್ಳುತ್ತಾ, 'ಗ್ರೂಪ್ ಕಟ್ಟಿದ್ದೇ ಅವ್ನಲ್ವೇನಮ್ಮಾ' ಅಂದರು. ನಾನು ಗೋಡೆ ತೋರಿಸಿದೆ. ಹಿಂದೆ ನಿಮ್ಮ ಬಾಲ್ಯದ ಗೆಳೆಯ, ಅವನೂ ಕುರ್ಚಿಯವನೇ, ಸೇರಿಕೊಳ್ಳಲು ಬಂದಾಗ ಚಹಾ ಕುಡಿಸಿ ಹೊರಗೆ ಕಳಿಸಿದವರು ನೀವೇ. ಅವನ ಚಪ್ಪಲಿ ಇನ್ನೂ ಮೆಟ್ಟಿಲಲ್ಲಿ ಸದ್ದು ಮಾಡುತ್ತಿದ್ದಾಗ 'ಸ್ನೇಹ ಬೇರೆ, ಸರಕು ಬೇರೆ' ಅಂತ ನಮಗೆ ವಿವರಿಸಿದಿರಿ. ಅದನ್ನೇ ನೆನಪಿಸಿದೆ. ಕುರ್ಚಿಯ ಜಾಗ ಇನ್ನು ನನ್ನದೇ ಅಂತ ಕೈಗಳು ಎದ್ದವು. ಮೊದಲು ಎದ್ದದ್ದು ನನ್ನದು, ಸುಳ್ಳು ಯಾಕೆ ಹೇಳಲಿ. ನನಗೆ ಬಹಳ ಸಂತೋಷವಾಯಿತು.

ಹಾಗಂತ ನಿಮ್ಮನ್ನು ಬೀದಿಗೆ ಹಾಕಿಲ್ಲ. ಫಿಲ್ಟರಿನ ಜಾಗ ಈಗ ಖಾಲಿ ಇದೆ, ನನ್ನ ಹಳೇ ಬ್ಯಾಗ್ ಅಟ್ಟದ ಮೇಲಿದೆ. ಬೇಕಿದ್ದರೆ ಕಂಪನಿಯವರ ಹತ್ತಿರ ಮಾತಾಡುತ್ತೇನೆ. ಹೊಸಬರು ಮೊದಲ ದಿನವೇ ಹಾಟ್ ಸೀಟಿನಲ್ಲಿ ಕೂರಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ನಿಮ್ಮನ್ನು ಬೀಳಿಸಿದ ಕುರ್ಚಿಯನ್ನೇ ಹಾಟ್ ಸೀಟ್ ಮಾಡಿದ್ದೇನೆ. ಚೆನ್ನಾಗಿದೆ, ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡು ಬನ್ನಿ, ಚಹಾ ಮಾತ್ರ ಇನ್ನು ಮುಂದೆ ಫಿಲ್ಟರಿನವರದು.

ಅಕ್ಕನಿಗೆ, ಭಾವನಿಗೆ ನನ್ನ ನಮಸ್ಕಾರ ತಿಳಿಸಿ. ನೀವು ಬೇಗ ನಿಮ್ಮ ಕಾಲ ಮೇಲೆ ನೀವು ನಿಲ್ಲುವಂತಾಗಲಿ, ನೆಲದ ಮೇಲೆ.

ಇಂತಿ ನಿಮ್ಮ ಪ್ರೀತಿಯ
ಡಿಸ್ಕೌಂಟ್

ವಿ.ಸೂ.: ಕವರ್ ಅಂಟಿಸುವಾಗ ನೆನಪಾಯಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮಂಪರಿನಲ್ಲಿ ನನ್ನ ಕೈ ಹಿಡಿದು ಒಂದು ಮಾತು ಹೇಳಿದ್ದಿರಿ. 'ನಂಗೆ ಮಾರೋದು ಅಂದ್ರೆ ಭಯ ಕಣೇ, ಬಾಗಿಲು ತಟ್ಟೋಕ್ಮುಂಚೆ ಪ್ರತಿ ಸಲ ಅರ್ಧ ಮೆಟ್ಟಿಲು ಇಳಿದು ಮತ್ತೆ ಹತ್ತಿ ಬರ್ತೀನಿ, ಯಾರಿಗೂ ಹೇಳ್ಬೇಡ' ಅಂತ. ನಿನ್ನೆ ಅದನ್ನು ಗ್ರೂಪಿನಲ್ಲಿ ಹೇಳಿದೆ. ಎದ್ದು ನಿಂತು, ನಿಮ್ಮ ದನಿಯಲ್ಲೇ, ವಿಮೆಯವರ ಕೈ ಹಿಡಿದುಕೊಂಡು. ಪೇಂಟ್‌ನವರಿಗೆ ಕಣ್ಣಲ್ಲಿ ನೀರು ಬಂತು, ಅಷ್ಟು ನಕ್ಕರು. ಲಿಫ್ಟ್ ಹುಡುಗಿ ಒಬ್ಬಳೇ ನಗಲಿಲ್ಲ, ಅವಳನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಉತ್ತರ ಬರೆಯುತ್ತಾ ಕೂರಬೇಡಿ. 'ಆಯ್ತು' ಅಂತ ಒಂದು ಕಾರ್ಡು ಹಾಕಿದರೆ ಸಾಕು.